ಹಾಡಿನ ವಿಡಿಯೋ ಮುಗಿದ ಮೇಲೆ, ಕಾಕಾನಿಗೆ

ಕಾಕಾ,

ಈ ಹೆಸರು ಹಿಡಿದು ಯಾರನ್ನೂ ಕೂಗದೆ ವರ್ಷ ದಾಟಿತು. ಜೇವರ್ಗಿಯ ನಿನ್ನ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಕಾಕು ನಿನ್ನ ಲೈಟುಗಳನ್ನೆಲ್ಲ ಮಾರಿದಳು, ಕ್ಯಾಮೆರಾ ಮಾತ್ರ ಮಾರಲಿಲ್ಲ. "ಇದು ನಿನಗ ಇರಲಿ, ಅಂವ ಇದ್ದಿದ್ರೂ ನಿನಗ ಕೊಡ್ತಿದ್ದ" ಎಂದು ನನ್ನ ಕೈಗಿಟ್ಟಳು. ಅದನ್ನು ಹಿಡಿದು ನಾನು ಮಾಡಿದ ಮೊದಲ ಕೆಲಸದ ಕಥೆ ಇದು.

ನೆನಪಿದೆಯಾ, ರಜೆಯಲ್ಲಿ ನಿನ್ನ ಜೊತೆ ಮದುವೆಗಳಿಗೆ ಬಂದು ಲೈಟು ಹಿಡಿದು ನಿಲ್ಲುತ್ತಿದ್ದೆ? ನನ್ನ ಕೈ ಸೋತು ಬೆಳಕು ಅಲುಗಿದರೂ ನೀನು ಬೈಯುತ್ತಿರಲಿಲ್ಲ. ಒಂದು ಸಲ ಮಾತ್ರ, ಶಾಟ್ ಮುಗಿಯಿತೆಂದು ನಾನು ಲೈಟು ಆರಿಸಿದಾಗ ಸಿಟ್ಟಾದೆ. "ಮುಗೀತು ಅಂದ ಮ್ಯಾಲೂ ಒಂದು ಉಸುರು ತಡಿಬೇಕು ಮಗಳ. ಮಂದಿ ಖರೇ ಮಾರಿ ಕಾಣೋದು ಆಗ." ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಕಡಗಂಚಿ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ಕೂತು ನಾವು ಮೂವರು ಮೊದಲ ಸಲ ಪ್ಲ್ಯಾನ್ ಹಾಕಿದ್ದು, ಮದುವೆಗೆ ಹೊರಡುವ ಮುಂಚೆ ನೀನು ಶಾಟುಗಳ ಪಟ್ಟಿ ಬರೆಯುತ್ತಿದ್ದ ಕ್ರಮದಲ್ಲಿಯೇ. ಕೊನೆಯ ಸೆಮಿಸ್ಟರಿಗೆ ಒಂದು ಹಾಡು ಕಟ್ಟಿ, ಅದರ ವಿಡಿಯೋ ಮಾಡಿ ಒಪ್ಪಿಸಬೇಕಿತ್ತು. ಆಳಂದದ ಮಲ್ಲಿನಾಥ ಹಾಡು ಬರೆದು ರಾಗ ಹಾಕಿದ್ದ. ಅಫಜಲಪುರ ಕಡೆಯ ಶಾಂತಾ ಹಾಡಿದ್ದಳು, ವಿಡಿಯೋದಲ್ಲೂ ಅವಳೇ. ಶೂಟಿಂಗು, ಎಡಿಟಿಂಗು ನನ್ನದು. 'ಭೀಮಾ ತುಂಬಿ ಹರದರೂ ನನ್ನ ಕೊಡ ತುಂಬಲಿಲ್ಲ' ಎಂಬುದು ಮೊದಲ ಸಾಲು. ಒಂದೊಂದು ಸಾಲಿನ ಎದುರಿಗೆ ಕಣ್ಣಿಗೆ ಏನು ಕಾಣಬೇಕು ಎಂದು ಬರೆಯುತ್ತಾ ಹೋದೆವು. ಸಾಲಿನಲ್ಲಿ ಕೊಡ ಇದ್ದರೆ ಕೊಡವನ್ನೇ ತೋರಿಸಬೇಕಾ ಎಂದು ನಾನು ಮತ್ತು ಮಲ್ಲಿನಾಥ ಜಗಳವಾಡಿದೆವು. ಶಾಂತಾ ಸುಮ್ಮನೆ ಚಹಾ ಕುಡಿಯುತ್ತಿದ್ದಳು. ಹಾಡುವಾಗ ಬಿಟ್ಟರೆ ಉಳಿದಂತೆ ಅವಳದು ಮಾತು ಕಡಿಮೆ. ಅವಳ ಮನೆಯಲ್ಲಿ ಈ ವಿಷಯ ಹೇಳಿದ್ದಾಳಾ ಎಂದು ಆ ದಿನ ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ನಮಗೆ ಹೊಳೆಯಲೇ ಇಲ್ಲ.

ಭೂಸನೂರಿನ ಕಬ್ಬಿನ ಹೊಲ ಮಲ್ಲಿನಾಥನ ಸೋದರಮಾವನದು. ನಾವು ಹೋದ ದಿನವೇ ಆತ, "ನಾಳಿ ಗ್ಯಾಂಗ್ ಬಂದು ಕಬ್ಬು ಕಡೀತಾರ. ಏನ್ ಹಿಡಿಯೋದದ ಇವತ್ತ ಹಿಡ್ಕೋರಿ" ಎಂದ. ಎರಡು ದಿನದ ಕೆಲಸ ಒಂದೇ ದಿನಕ್ಕೆ ಬಂತು. ಬಿಸಿಲು ಇಳಿಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ದೊಡ್ಡ ದನಿಯಲ್ಲಿ ಬೇರೆ ಯಾವುದೋ ಹಾಡು ಹಚ್ಚಿಕೊಂಡು ಪಕ್ಕದಲ್ಲೇ ಹಾಯಿತು. ಶಾಂತಾಗೆ ಸಾಲು ಮರೆತುಹೋಯಿತು. ಮಲ್ಲಿನಾಥ "ಕಟ್" ಎಂದ. ನಾನು ಒಂದು ಉಸಿರು ತಡೆದೆ, ಕಾಕಾ. ಅವಳು ಕ್ಯಾಮೆರಾದ ಒಳಕ್ಕೇ ನೋಡಿ ನಕ್ಕಳು. ನಾಲ್ಕು ಸೆಮಿಸ್ಟರಿನಲ್ಲಿ ನಾನು ಆ ನಗು ನೋಡಿರಲಿಲ್ಲ.

ಭೀಮಾ ದಂಡೆಯ ಘತ್ತರಗಿಗೆ ಹೋದದ್ದು ಮರುವಾರ. ಬೆಳಿಗ್ಗೆ ಬೇಗ ಮುಗಿಸಿಬಿಡೋಣ ಎಂಬ ಲೆಕ್ಕ ತಪ್ಪಿತು. ಹೊಳೆಯಲ್ಲಿ ಸ್ನಾನ ಮಾಡಿ ಗುಡಿಗೆ ಹೊರಟವರು ನಮ್ಮ ಸುತ್ತ ನಿಂತರು. ಸಣ್ಣ ಸ್ಪೀಕರಿನಲ್ಲಿ ಹಾಡು ಹಚ್ಚಿದರೆ ಹಿಂದಿನಿಂದ ಒಬ್ಬ, "ರೀಲ್ಸ್ ಮಾಡಾಕತ್ತಾರ ನೋಡ್ರಿ" ಎಂದ. ಯಾರೋ ಸಿಳ್ಳೆ ಹಾಕಿದರು. ಶಾಂತಾಳ ದನಿ ಸ್ಪೀಕರಿನಲ್ಲಿ ಗಟ್ಟಿಯಾಗಿತ್ತು, ಎದುರಿಗೆ ನಿಂತ ಅವಳ ತುಟಿ ಮಾತ್ರ ನಡುಗುತ್ತಿತ್ತು. ಎಷ್ಟೋ ಮೊಬೈಲುಗಳು ಮೇಲೆದ್ದದ್ದನ್ನು ನಾನು ನೋಡಿದೆ. ಏನು ಮಾಡಬಹುದಿತ್ತು? ನೀನಾಗಿದ್ದರೆ...

ಎರಡು ದಿನದ ನಂತರ ಶಾಂತಾ ಕ್ಲಾಸಿಗೆ ಬರಲಿಲ್ಲ. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. "ಅವ್ವನ ಫೋನಿನಿಂದ ಮಾಡಾಕತ್ತೇನಿ" ಎಂದಳು, ಬಾಯಿಗೆ ಸೆರಗು ಅಡ್ಡ ಹಿಡಿದಂತೆ. ಹೊಳೆ ದಂಡೆಯಲ್ಲಿ ಯಾರೋ ತೆಗೆದ ತುಣುಕು, ಸಿಳ್ಳೆಯ ಸಮೇತ, ಅವರ ಊರಿನ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಅದರ ಕೆಳಗೆ ಹೊಲಸು ಮಾತುಗಳು. "ಅಪ್ಪ ಓದೂ ಸಾಕು ಅನ್ನಾಕತ್ತಾನ. ಪರೀಕ್ಷಾನೂ ಬ್ಯಾಡಂತ" ಎಂದಳು. ಫೋನು ಕಟ್ಟಾಯಿತು.

ಮಲ್ಲಿನಾಥ ಕೆಟ್ಟವನಲ್ಲ, ಹೆದರಿದ್ದ. "ದನಿ ಆಕೀದೇ ಇರಲಿ. ಬ್ಯಾರೆ ಹುಡುಗೀನ ನಿಲ್ಲಿಸಿ ಮತ್ತ ಹಿಡಿಯಮು. ಇಲ್ಲಂದ್ರ ಮಾರಿ ಮಸುಕು ಮಾಡು" ಎಂದ. ನಾನು ಕಂಪ್ಯೂಟರಿನ ಮುಂದೆ ಕೂತು ಅವಳ ಮುಖ ಮಸುಕು ಮಾಡಿ ನೋಡಿದೆ. ಅವಳು ಏನೋ ಅಪರಾಧ ಮಾಡಿ ಸಿಕ್ಕಿಬಿದ್ದವಳಂತೆ ಕಂಡಳು. ಆ ಮಸುಕನ್ನು ಅಳಿಸಿದೆ. ಮರುದಿನ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಅಫಜಲಪುರ ಬಸ್ಸು ಹತ್ತಿದೆ.

ಅವರ ಮನೆಯ ಪಡಸಾಲೆಯಲ್ಲಿ ಅವಳ ಅಪ್ಪ ಸಿದ್ದಣ್ಣ ರುಮಾಲು ಸುತ್ತಿಕೊಂಡು ಕೂತಿದ್ದರು. ಹಣೆಯ ತುಂಬ ವಿಭೂತಿ. ನಾನು ಯಾರೆಂದು ಹೇಳಿದೆ. ಕೂರು ಎನ್ನಲಿಲ್ಲ.

"ನಿಮ್ಮ ಮನ್ಯಾಗ ನಿನಗ ಹೇಳೋರು ಕೇಳೋರು ಯಾರೂ ಇಲ್ಲೇನು?"

"ಅದಾರ್ರಿ. ನಮ್ಮದು ಜೇವರ್ಗಿ. ವಿಡಿಯೋ ಸ್ಟುಡಿಯೋ ಶರಣಪ್ಪ ನಮ್ಮ ಕಾಕಾ ರಿ. ಈ ಕೆಲಸ ಅವರೇ ಕಲಿಸಿದ್ದು. ಹೋದ ವರ್ಷ ತೀರಿಕೊಂಡ್ರು."

ಅವರು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಹಚ್ಚು, ನೋಡ್ತೇನಿ. ಪೂರಾ ಹಚ್ಚು" ಎಂದರು.

ಒಳಬಾಗಿಲಲ್ಲಿ ಶಾಂತಾ ಮತ್ತು ಅವಳ ಅವ್ವ ನಿಂತಿದ್ದರು. ಹಾಡು ಶುರುವಾಯಿತು. ಸಿದ್ದಣ್ಣನ ಮುಖದಲ್ಲಿ ಏನೂ ಕಾಣಲಿಲ್ಲ. ಘತ್ತರಗಿಯ ಭಾಗದಲ್ಲಿ ನಾನು ಜನರನ್ನೆಲ್ಲ ತೆಗೆದು ನೀರು, ಅವಳ ಮುಖ ಎರಡನ್ನೇ ಇಟ್ಟಿದ್ದೆ. ಕೊನೆಗೆ ಆ ನಗು ಬಂತು. ಅವರು ಕೈ ಎತ್ತಿ ನಿಲ್ಲಿಸು ಎಂದರು.

"ಹಾಡೋದು ಬಿಟ್ಟು ಇಲ್ಲಿ ಯಾಕ ನಕ್ಕಾಳ? ಇದು ತಪ್ಪ ಅಲ್ಲೇನು?"

"ಸಾಲು ಮರತಿದ್ಳು ರಿ."

"ಮತ್ತ ತಗದು ಹಾಕು. ಉಳದದ್ದು ಇರಲಿ. ಇದು ಬ್ಯಾಡ."

ನನ್ನ ಬೆರಳು ಕೀಬೋರ್ಡಿನ ಮೇಲಿತ್ತು. ಹೂಂ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಕ್ಲಾಸಿಗೆ ಬರುತ್ತಿದ್ದಳು, ನಾವು ವಿಡಿಯೋ ಒಪ್ಪಿಸುತ್ತಿದ್ದೆವು. ನಾನು ಹೂಂ ಅನ್ನುವವಳೇ ಇದ್ದೆ, ಕಾಕಾ. ಅಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು.

"ಅಪ್ಪಾ, ಅದು ಇರಲಿ."

ಸಿದ್ದಣ್ಣ ತಿರುಗಿ ನೋಡಿದರು. ಶಾಂತಾ ಅವ್ವನ ಕೈ ಬಿಡಿಸಿಕೊಂಡು ಹೊಸ್ತಿಲು ದಾಟಿ ಬಂದಳು. "ಉಳದದ್ದೆಲ್ಲಾ ಇವರು ಹೇಳಿದಂಗ ನಿಂತೀನಿ, ಹೇಳಿದಂಗ ನೋಡೀನಿ. ಅದೊಂದು ನಂದದ. ತಗಿಯೋದಿದ್ರ ಪೂರಾ ತಗಸು. ನಾ ಮನ್ಯಾಗ ಇರ್ತೇನಿ."

ಸಿದ್ದಣ್ಣ ಎದ್ದು ಅವಳಿಗೆ ಹೊಡೆಯುತ್ತಾರೆ ಎಂದೇ ನಾನು ತಿಳಿದೆ. ಅವರು ಪರದೆಯ ಮೇಲೆ ನಿಂತುಬಿಟ್ಟಿದ್ದ ಮಗಳನ್ನು ನೋಡಿದರು, ಎದುರಿಗೆ ನಿಂತವಳನ್ನು ನೋಡಿದರು. ಕೊನೆಗೆ ಹೆಂಡತಿಗೆ, "ಆ ಹುಡುಗಿ ಮುಂಜಾನಿಂದ ಏನೂ ತಿಂದಂಗಿಲ್ಲ. ರೊಟ್ಟಿ ಹಾಕು" ಎಂದು ಎದ್ದು ಹೊರಗೆ ಹೋದರು.

ಸೋಮವಾರ ಶಾಂತಾ ಕ್ಲಾಸಿಗೆ ಬಂದಳು. ವಿಡಿಯೋ ಒಪ್ಪಿಸಿದೆವು, ಎಲ್ಲರೆದುರು ತೋರಿಸಿದೆವು. ನಗು ಹಾಗೇ ಇದೆ. ಊರಿನ ಗ್ರೂಪಿನವರ ಬಾಯಿ ಇನ್ನೂ ಮುಚ್ಚಿಲ್ಲ, ಅದು ಬೇರೆ ಮಾತು.

ನಾನು ಅವರ ಮನೆಗೆ ಹೋಗಿದ್ದ ಆ ದಿನ ಸಂಜೆ, ಊಟವಾದ ಮೇಲೆ ಸಿದ್ದಣ್ಣ ತಾವೇ ನನ್ನನ್ನು ಬಸ್ಸಿಗೆ ಕಳಿಸಲು ಬಂದರು. ಬಸ್ಸು ಕಾಯುತ್ತಾ ನಿಂತಾಗ ರಸ್ತೆಯ ಕಡೆ ನೋಡುತ್ತಲೇ ಹೇಳಿದರು:

"ನನ್ನ ಹಿರೀ ಮಗಳ ಮದುವಿ ವಿಡಿಯೋ ಹಿಡದಾಂವ ನಿಮ್ಮ ಕಾಕಾ. ಆವತ್ತ ಮಾತಿಗಿ ಮಾತ ಬೆಳದು, ಬೀಗರ ಪೈಕಿ ಒಬ್ಬಾಂವ ನನ್ನ ರುಮಾಲ ಕಿತ್ತು ನೆಲಕ್ಕ ಒಗದ. ಅಷ್ಟು ಮಂದಿ ಮುಂದ. ನಾ ಬಗ್ಗಿ ಆರಿಸಿಕೊಂಡೆ. ನಿಮ್ಮ ಕಾಕಾನ ಕ್ಯಾಮೆರಾ ನನ್ನ ಕಡೀಗೇ ಇತ್ತು. ಮುಂದ ವಿಡಿಯೋ ಬಂತು. ಮನಿ ಮಂದಿ ಎಲ್ಲಾ ಕುಂತು ನೋಡಾಕತ್ತೀವಿ, ಆ ಜಾಗಾ ಬರ್ತದ ಬರ್ತದ ಅಂತ ನನ್ನ ಎದಿ ಹೊಡಕೊಳ್ಳಾಕತ್ತಿತ್ತು. ಬರಲೇ ಇಲ್ಲ. ಅಲ್ಲಿ ಮುದುಕ್ಯಾರು ಅಕ್ಷತಾ ಹಾಕೋದು ಇಟ್ಟಿದ್ದ. ನಾ ಹೇಳಿರಲಿಲ್ಲ ತಂಗಿ. ಯಾರೂ ಹೇಳಿರಲಿಲ್ಲ."

ಬಸ್ಸಿನ ದೀಪ ಕಂಡಿತು. "ಜೇವರ್ಗಿಗಿ ಬಂದಾಗೆಲ್ಲಾ ಅಂಗಡಿ ಮುಂದ ಹಾದು ಹ್ವಾದೆ. ಒಳಗ ಬಂದು ಏನಂತ ಹೇಳಲಿ? ನಾಚಿಕಿ ಬರ್ತಿತ್ತು. ಈಗ ಆ ಮನಶ್ಯಾನೇ ಇಲ್ಲ."

"ನಾ ಹೇಳ್ತೇನ್ರಿ" ಎಂದೆ. ತೀರಿಹೋದವನಿಗೆ ಹೇಗೆ ಹೇಳುತ್ತೀ ಎಂದು ಅವರು ಕೇಳಲಿಲ್ಲ. ತಲೆಯಾಡಿಸಿದರು.

ನೀನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಕಾಕುಗೂ ಗೊತ್ತಿರಲಿಲ್ಲ, ಕೇಳಿ ಅತ್ತಳು. ಅದಕ್ಕೇ ಈ ಪತ್ರ, ಕಾಕಾ. ನೀನು ಆ ಜಾಗ ತೆಗೆದುಹಾಕಿದ್ದು ಸಿದ್ದಣ್ಣನವರ ಕಣ್ಣಿಗೆ ಬಿದ್ದಿದೆ, ಅವರು ಅದನ್ನು ಮರೆತಿಲ್ಲ.

ನಿನ್ನ ಮಗಳು,
ಗಂಗಾ