ಮಗಳಲ್ಲಿಲ್ಲದ ಬದಲಿ

ಸೋಮವಾರ, ೯ ಫೆಬ್ರುವರಿ. ಭಾಂಡುಪ್, ಮುಂಬಯಿ.

ಮಹಾಜನರೇ, ಕಲಾರಸಿಕರೇ, ಕಿವಿಗೊಟ್ಟು ಕೇಳಿ! ಕೇಳುವವರು ಯಾರೂ ಇಲ್ಲ, ಅದಕ್ಕೇ ಹೇಳುತ್ತೇನೆ. ಮಗಳು ಮಾಧುರಿಯ ಮೂಗಿನ ಮೇಲಿನ ಗಂಟು ಮತ್ತೆ ಕ್ಯಾನ್ಸರೇ. ಮೂರನೆಯದು.

ಕಾರಣವನ್ನು ಇಂದು ಡಾಕ್ಟರು ಬಿಡಿಸಿ ಹೇಳಿದರು. ಬಿಸಿಲು ಎಲ್ಲರ ಡಿಎನ್ಎಯನ್ನೂ ಕೆಡಿಸುತ್ತದಂತೆ. ಕೆಟ್ಟ ಜಾಗ ಬಂದರೆ ಡಿಎನ್ಎಯನ್ನು ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವ ನಿಂತುಬಿಡುತ್ತದೆ. ಆಗ ಬದಲಿ ಪಾಲಿಮರೇಸ್ ಒಂದು ಬಂದು ಆ ಜಾಗವನ್ನು ಸರಿಯಾಗಿ ದಾಟಿಸುತ್ತದೆ. ಕಂಪನಿ ನಾಟಕದಲ್ಲಿ ನಾಯಕನ ಗಂಟಲು ಕಟ್ಟಿದಾಗ ನಾನು ಬಣ್ಣ ಹಚ್ಚಿಕೊಂಡು ನುಗ್ಗುತ್ತಿದ್ದೆನಲ್ಲ, ಹಾಗೆ. ಮಾಧುರಿಯಲ್ಲಿ ಆ ಬದಲಿಯೇ ಇಲ್ಲ. ಪಾತ್ರದ ಮಾತು ಗೊತ್ತಿಲ್ಲದ ಇನ್ನಾರೋ ಬಂದು ತಪ್ಪುತಪ್ಪಾಗಿ ಒದರುತ್ತಾರೆ. ಆ ತಪ್ಪುಗಳೇ ಉಳಿದು ಗಂಟಾಗುತ್ತವೆ.

“ನೀವು ಗಂಡ ಹೆಂಡತಿ ಮೊದಲೇ ಸಂಬಂಧಿಕರಾ?” ಎಂದರು ಡಾಕ್ಟರು. ಹೆಂಡತಿ ದಾನವ್ವ ನನ್ನ ಅಕ್ಕನ ಮಗಳು. ಒಂದೇ ಕೆಟ್ಟ ಜೀನು ಇಬ್ಬರಲ್ಲೂ ಇತ್ತು, ಇಬ್ಬರೂ ಮಗಳಿಗೆ ಕೊಟ್ಟೆವು. ಈಗ ಮಗ ಸಚಿನನಿಗೆ ದಾನವ್ವನ ತಮ್ಮನ ಮಗಳನ್ನೇ ಗೊತ್ತುಮಾಡಿದ್ದೇವೆ; ಆ ಜೀನು ಅವರಿಬ್ಬರಲ್ಲೂ ಇರಬಹುದು.

“ಬರೇ ಅಲರ್ಜಿ ಅಂತ ತಮ್ಮನ ಮನ್ಯಾಗ ಹೇಳೇವಿ, ಹಂಗ ಇರಲಿ,” ಎಂದಳು ದಾನವ್ವ, ಆಸ್ಪತ್ರೆಯಿಂದ ಮರಳುವಾಗ ಕುರ್ಲಾ ಸ್ಟೇಷನ್ನಿನಲ್ಲಿ. “ಮಗಳ ಮಾರಿ ಊರಿಗೆಲ್ಲಾ ತೋರಸ್ತೀರೇನು? ಸುಮ್ನಿರ್ರಿ.”

ಮಾಧುರಿ ಮೂಗಿನ ಪಟ್ಟಿ ಒತ್ತಿಕೊಂಡು ನಕ್ಕಳು. “ಪಪ್ಪಾ, ಸ್ಟೇಜ್ ಮ್ಯಾಲ ಮೈಕ್ ಇಲ್ದೆ ಅಷ್ಟ್ ಜೋರಾಗಿ ಚಿಲ್ಲಾಸ್ತಿದ್ದಿ ನಾ? ಮಾಮಾಗೆ ಫೋನ್‌ದಾಗ ಒಂದ್ ಸಚ್ ಮಾತ್ ಹೇಳಾಕ ಆಗಲ್ಲ?”

ಲೋಕಲ್ ಬಂತು, ಹತ್ತಿದೆವು.

ನಾಳೆ ಬೆಳಗ್ಗೆ ಎದ್ದವನೇ, ದಾನವ್ವನ ಎದುರಿಗೇ ಕುಳಿತು ಅವಳ ತಮ್ಮನಿಗೆ ಫೋನ್ ಮಾಡುತ್ತೇನೆ. ಮಗಳ ಕಾಯಿಲೆ ಏನೆಂದು ಹೇಳುತ್ತೇನೆ. ಸಚಿನ ಮತ್ತು ಆ ಹುಡುಗಿಯ ರಕ್ತಪರೀಕ್ಷೆ ಆಗುವವರೆಗೆ ಮದುವೆಯ ಮಾತು ಬೇಡ ಎನ್ನುತ್ತೇನೆ. ಆಮೇಲೆ ಅವನು ಏನಂದರೂ ಕೇಳಿಸಿಕೊಳ್ಳುತ್ತೇನೆ.