ಬಗ್ಗಿ ನೋಡಬಾರದ ಅಡ್ಡಮರ

4 ಸೆಪ್ಟೆಂಬರ್ 1944, ಸೋಮವಾರ

ಇವತ್ತು ಏರೋಡ್ರೋಮಿಗೆ ಇನ್ನೂ ಮೂರು ವಿಮಾನ ಬಂದವು. ಎಲ್ಲವೂ ಎರಡು ಸೀಟಿನವು, ಬಟ್ಟೆ ರೆಕ್ಕೆಯವು. ನಿಲ್ಲಿಸುವ ಜಾಗ ಮಾತ್ರ ಅಷ್ಟೇ. ರೆಕ್ಕೆಗೂ ರೆಕ್ಕೆಗೂ ನಡುವೆ ಒಂದು ಮೊಳ. ಹಿಂದಿನದು ಹೊರಗೆ ಬರಬೇಕಾದರೆ ಮುಂದಿನ ನಾಲ್ಕನ್ನು ಕೈಯಲ್ಲೇ ತಳ್ಳಬೇಕು. ಎಡಸಾಲು ನಮ್ಮ ದೊಮ್ಮಲೂರು ಗ್ಯಾಂಗಿನದು. ಬಲಸಾಲು ಹಲಸೂರು ಸಂಜೀವಪ್ಪನ ಗ್ಯಾಂಗಿನದು.

ಹೊಸಬರಿಗೆ ಪದ್ಧತಿ ಹೇಳಿ ಹೇಳಿ ಗಂಟಲು ಹರಿಯಿತು. ಇನ್ನೊಬ್ಬರ ವಿಮಾನ ಹೇಳದೆ ಮುಟ್ಟಬಾರದು. ಮುಟ್ಟಿದರೆ ಇದ್ದ ಹಾಗೇ ವಾಪಸ್ ನಿಲ್ಲಿಸಬೇಕು. ಉರುಳದ ಹಾಗೆ ಗಾಲಿಯ ಮುಂದೆ ಅಡ್ಡಮರ ಕೊಟ್ಟು, ‘ಕೊಟ್ಟಿದೆ’ ಎಂದು ಕೂಗಬೇಕು. ಆ ಸಾಲಿನವರು ಕೈ ಎತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಯಾರೂ ಬಗ್ಗಿ ನೋಡುವ ಹಾಗಿಲ್ಲ. ನೋಡಿದರೆ, ನಿನ್ನ ಮಾತು ಸುಳ್ಳು ಎಂದು ಮುಖದ ಮೇಲೆ ಉಗಿದ ಹಾಗೆ.

6 ಸೆಪ್ಟೆಂಬರ್, ಬುಧವಾರ

ನಮ್ಮ ಹನ್ನೊಂದನೇ ನಂಬರಿನ ರೆಕ್ಕೆ ತುದಿ ಹರಿದಿದೆ. ಗೇಣುದ್ದ. ಸಂಜೀವಪ್ಪನ ಕಡೆಯವರು ಹೇಳದೆ ಕೇಳದೆ ತಳ್ಳಿದ್ದಾರೆ, ಎಲ್ಲಿಗೋ ತಗುಲಿಸಿ ಸುಮ್ಮನೆ ಬಿಟ್ಟು ಹೋಗಿದ್ದಾರೆ.

ಸಾರ್ಜೆಂಟ್ ಬಂದ. ಯಾರ ಸಾಲು ಎಂದ. ನನ್ನದು ಎಂದೆ. ಬಾಯಿ ಮುಚ್ಚುವಷ್ಟರಲ್ಲಿ ಕಪಾಳಕ್ಕೆ ಬಿತ್ತು. ಎರಡೂ ಗ್ಯಾಂಗಿನ ಎದುರಿಗೆ. ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ನನಗೆ ನಲವತ್ತೊಂದು ವರ್ಷ! ನನ್ನಪ್ಪ ಕೂಡ ಹಾಗೆ ಹೊಡೆದವನಲ್ಲ.

ಸಂಜೀವಪ್ಪ ನೋಡುತ್ತಾ ನಿಂತಿದ್ದ. ನಾವು ಮಾಡಿದ್ದು ಅನ್ನಲಿಲ್ಲ. ಥೂ.

7 ಸೆಪ್ಟೆಂಬರ್, ಗುರುವಾರ

ಸಂಜೀವಪ್ಪನಿಗೆ ಹೊಡೆದೆ. ಬೆಳಗ್ಗೆ ಗೇಟಿನ ಒಳಗೆ ಕಾಲಿಟ್ಟ ಕೂಡಲೇ.

“ಹೇಳ್ದೆ ಮುಟ್ಟಿದ್ದೀಯಲ್ಲೋ, ನಾಚ್ಕೆ ಆಗಲ್ವಾ?” ಎಂದೆ.

“ನನ್ ಕಡೆಯೋರು ತಪ್ ಮಾಡವ್ರೆ. ನಾನೇ ಸಾರ್ಜೆಂಟ್ ಹತ್ರ ಹೇಳ್ತೀನಿ ಕಣೋ ರಾಮಾಂಜಿನಪ್ಪ” ಎಂದ.

ನಿನ್ನೆ ಎಲ್ಲಿ ಹೋಗಿತ್ತು ಆ ನಾಲಿಗೆ? ವಿಮಾನದ ಬಾಲ ಎತ್ತುವ ಕಬ್ಬಿಣದ ಸಲಾಕೆ ಕೈಯಲ್ಲಿತ್ತು. ಬೀಸಿದೆ. ತಲೆಗೆ ಎಂದೇ ಬೀಸಿದ್ದು, ಅವನು ಕೈ ಅಡ್ಡ ತಂದ. ಮಣಿಕಟ್ಟು ಲಟಕ್ ಎಂದಿತು. ಅವನ ಕಡೆಯವನೊಬ್ಬ ನನ್ನ ಹೊಟ್ಟೆಗೆ ಒದ್ದ. ಪಿಳ್ಳಪ್ಪ — ನನ್ನ ಹೆಂಡತಿ ಪಟಾಲಮ್ಮನ ತಮ್ಮ, ನಮ್ಮ ಗ್ಯಾಂಗಿನಲ್ಲಿ ವಿಮಾನದ ಮೂತಿಯ ಪಂಖ ಕೈಯಲ್ಲಿ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡುವವನು — ಆ ಒದ್ದವನ ಕೂದಲು ಹಿಡಿದು ನೆಲಕ್ಕೆ ಜಜ್ಜಿದ. ಹಲ್ಲು ಬಿತ್ತು, ಯಾರದೋ ಗೊತ್ತಿಲ್ಲ.

ಆದರೂ ಸಮಾಧಾನ ಆಗಲಿಲ್ಲ. ಸಂಜೀವಪ್ಪನಿಗೆ ಬಿದ್ದದ್ದು ಕೈಗೆ. ನನಗೆ ಬಿದ್ದದ್ದು ಮುಖಕ್ಕೆ.

8 ಸೆಪ್ಟೆಂಬರ್, ಶುಕ್ರವಾರ, ಸಂಜೆ 6

ನಮ್ಮದೊಂದನ್ನು ಹೊರಗೆ ತೆಗೆಯಲು ಸಂಜೀವಪ್ಪನ ಏಳನೇ ನಂಬರು ಅಡ್ಡ ಇತ್ತು. ಕೇಳಿಯೇ ತಳ್ಳಿದೆ. ಕೇಳಿಯೇ ವಾಪಸ್ ನಿಲ್ಲಿಸಿದೆ. ಅಡ್ಡಮರ ಮಾತ್ರ ಗಾಲಿಯ ಹಿಂದಕ್ಕೆ ಕೊಟ್ಟೆ. ಮಳೆ ಬಂದು ಹುಲ್ಲು ಮೊಣಕಾಲುದ್ದ ಬೆಳೆದಿದೆ, ಬಗ್ಗದೆ ಕಾಣುವುದಿಲ್ಲ.

‘ಕೊಟ್ಟಿದೆ’ ಎಂದು ಕೂಗಿದೆ. ಸಂಜೀವಪ್ಪ ಆ ತುದಿಯಿಂದ ಎಡಗೈ ಎತ್ತಿದ. ಬಲಗೈ ಕುತ್ತಿಗೆಗೆ ಕಟ್ಟಿತ್ತು. ಇಷ್ಟಾದ ಮೇಲೂ ಬಂದು ನೋಡಲಿಲ್ಲ, ದಡ್ಡ ಮುಂಡೇದು!

ನಾಳೆ ಇಂಜಿನ್ ಹತ್ತಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ. ಮುಂದಿನದರ ಬಾಲಕ್ಕೆ ಗುದ್ದುತ್ತದೆ. ಸಾರ್ಜೆಂಟ್ ಕೈ ಈ ಸಲ ಅವನ ಕಪಾಳದ ಮೇಲೆ. ಪಂಖ ತಿರುಗಿಸುವವನು ಪಕ್ಕಕ್ಕೆ ಹಾರುತ್ತಾನೆ. ಅಷ್ಟು ಚುರುಕಿಲ್ಲದವನು ಆ ಕೆಲಸಕ್ಕೆ ಬರುವುದೇ ಇಲ್ಲ. ಅವರ ಕಡೆಯವನು ಯಾವನೋ, ಹಾರಿಕೊಳ್ಳಲಿ.

ಊಟ ರುಚಿಯಾಗಿತ್ತು.

9 ಸೆಪ್ಟೆಂಬರ್

ಪಿಳ್ಳಪ್ಪ.

13 ಸೆಪ್ಟೆಂಬರ್, ಬುಧವಾರ

ಬರೆಯದಿದ್ದರೆ ತಲೆ ಒಡೆದು ಹೋಗುತ್ತದೆ.

ಸಂಜೀವಪ್ಪನ ಗ್ಯಾಂಗಿನಲ್ಲಿ ಪಂಖ ತಿರುಗಿಸುತ್ತಿದ್ದವನು ಸಂಜೀವಪ್ಪನೇ. ಅವನ ಕೈ ಮುರಿದವನು ನಾನು. ಅದಕ್ಕೇ ಶನಿವಾರ ಸಾರ್ಜೆಂಟ್ ನಮ್ಮ ಪಿಳ್ಳಪ್ಪನನ್ನು ಆ ಸಾಲಿಗೆ ಕಳಿಸಿದ. ನಾನು ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಇದ್ದೆ. ಗೊತ್ತಾಗಲಿಲ್ಲ. ದೇವರಾಣೆ ಗೊತ್ತಾಗಲಿಲ್ಲ.

ಜೊತೆಗೆ ಹೋದ ನಮ್ಮ ಗ್ಯಾಂಗಿನ ಅಕ್ತರ್ ರೆಕ್ಕೆ ತುದಿ ಹಿಡಿದು ನಿಂತಿದ್ದನಂತೆ. ಒಂದ್ಸಲ ಬಗ್ಗಿ ನೋಡೋ ಎಂದನಂತೆ. ಪಿಳ್ಳಪ್ಪ ನಕ್ಕನಂತೆ. “ನಮ್ ಭಾವ ಕೊಟ್ಟಿರೋದು ಗುರು, ನೋಡೋದೇನು?”

ಮೂರನೇ ಸಲಕ್ಕೆ ಇಂಜಿನ್ ಹತ್ತಿತು. ಸದ್ದು ಕೇಳಿದೆ. ಆಮೇಲೆ ಕೊಡಲಿ ಹಸಿ ಮರಕ್ಕೆ ಬಿದ್ದಂಥ ಸದ್ದು. ಓಡಿದೆ. ಹಾರಿದ್ದನಂತೆ ಅವನು. ಹುಲ್ಲು ಒದ್ದೆ, ಕಾಲು ಜಾರಿತು. ಭುಜ ಒಂದು ಕಡೆ, ಅವನು ಒಂದು ಕಡೆ. ಅರ್ಧ ಮುಖ ಇರಲಿಲ್ಲ. ಇದ್ದ ಕಣ್ಣು ತೆರೆದೇ ಇತ್ತು. ರಕ್ತ ಎಲ್ಲರ ಮೈ ಮೇಲೂ ಇತ್ತು. ಸಂಜೀವಪ್ಪ ಒಂದೇ ಕೈಯಲ್ಲಿ ಅವನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಅಡ್ಡಮರ ಎಲ್ಲಿ ಕೊಟ್ಟೆ ಎಂದು ಸಾರ್ಜೆಂಟ್ ಕೇಳಿದ.

ಮುಂದೆಯೇ ಕೊಟ್ಟೆ ಸಾರ್ ಎಂದೆ. ಪಿಳ್ಳಪ್ಪನ ರಕ್ತ ಮೆಟ್ಟಿಕೊಂಡು ನಿಂತು ಹಾಗೆಂದೆ.

ರಾಮಾಂಜಿನಪ್ಪನೇ ಕೊಟ್ಟದ್ದು, ನಾನು ಮುಟ್ಟಿಲ್ಲ ಎಂದು ಸಂಜೀವಪ್ಪ ಕೂಗಿದ. ಯಾರು ನಂಬುತ್ತಾರೆ? ಹೆಂಡತಿಯ ತಮ್ಮನನ್ನು ಯಾರಾದರೂ ಕೊಲ್ಲುತ್ತಾರೆಯೇ? ಕೈ ಮುರಿದ ಸೇಡಿಗೆ ಅವನೇ ತೆಗೆದು ಹಿಂದಿಟ್ಟ ಎಂದರು. ನಮ್ಮವರು ಅಲ್ಲೇ ಅವನನ್ನು ಕೆಡವಿ ತುಳಿದರು. ಮುರಿದ ಕೈಯನ್ನೇ ತುಳಿದರು. ನಾನು ಬಿಡಿಸಲಿಲ್ಲ.

15 ಸೆಪ್ಟೆಂಬರ್, ಶುಕ್ರವಾರ

ಪಟಾಲಮ್ಮ ಅಳುತ್ತಿಲ್ಲ. ಅದೇ ಭಯ. ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ.

ಅಕ್ತರ್ ಬಂದಿದ್ದ. ಬಾಗಿಲಾಚೆಯೇ ನಿಂತ, ನೀರು ಕೂಡ ಕುಡಿಯಲಿಲ್ಲ.

“ಉಸ್ತಾದ್, ಸಂಜೀವಪ್ಪ ತಿಪ್ಪಸಂದ್ರದಲ್ಲಿ ಅಕ್ಕನ ಮನೇಲವ್ನೆ. ಹಲಸೂರು ಮನೆ ಬಾಗ್ಲು ನಿಮ್ಮೋರು ಒಡೆದಾಕಿದ್ರಲ್ಲ, ಅಲ್ಲಿಂದ ಓಡೋಗಿದ್ದು. ಒಂದು ಮಾತು ಹೇಳಿ ಕಳಿಸವ್ನೆ.”

“ಏನಂತೆ?”

“ಸತ್ಯ ರಾಮಾಂಜಿನಪ್ಪಂಗೆ ಗೊತ್ತು, ಅವನು ಹೇಳೋಗಂಟ ನಾನು ಬದುಕಿರ್ತೀನೋ ಇಲ್ವೋ, ಅಂತ.”

ಕುತ್ತಿಗೆಪಟ್ಟಿ ಹಿಡಿದು ಅಕ್ತರನನ್ನು ಗೋಡೆಗೆ ಒತ್ತಿದೆ. ಅವನು ಕೈ ಎತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಬಿಟ್ಟೆ.

16 ಸೆಪ್ಟೆಂಬರ್, ಶನಿವಾರ, ಮಧ್ಯಾಹ್ನ 3

ಅಂಗಳದಲ್ಲಿ ಐದು ಜನ. ಪಟಾಲಮ್ಮನ ಚಿಕ್ಕಪ್ಪಂದಿರು, ಅವರ ಮಕ್ಕಳು. ಕೈಯಲ್ಲಿ ರಾಡು, ದೊಣ್ಣೆ. ಸಂಜೀವಪ್ಪ ತಿಪ್ಪಸಂದ್ರದಲ್ಲಿ ಇರುವುದು ಅವರಿಗೂ ಗೊತ್ತಾಗಿದೆ. ನಾನು ಮುಂದೆ ನಡೆಯಬೇಕಂತೆ. ಮೊದಲ ಏಟು ಭಾವನದೇ ಆಗಬೇಕಂತೆ.

ಮಚ್ಚು ಮಸೆದದ್ದು ಅವಳೇ. ಹಿತ್ತಿಲ ಕಲ್ಲಿಗೆ, ನೀರು ಹಾಕಿ ಹಾಕಿ. ತಂದು ನನ್ನ ಮುಂದೆ ನಿಂತಿದ್ದಾಳೆ.

“ಎದ್ದೇಳಿ. ಇನ್ನೂ ಏನ್ ಬರೀತಾ ಕೂತಿದೀರಾ?”

ಅವಳಿಗೆ ಓದು ಬರುವುದಿಲ್ಲ. ಪಿಳ್ಳಪ್ಪನ ವಿಷಯ ಎಂದೆ.

“ನನ್ ತಮ್ಮಂದು ಏನ್ ಬರ್ದಿದೀರಾ? ಓದಿ. ಕೇಳ್ಕೊಂಡೇ ಹೋಗ್ಲಿ ಎಲ್ರೂ.”

ಈಗ ಸುಮ್ಮನಿದ್ದರೆ ಸಂಜೆಯೊಳಗೆ ಸಂಜೀವಪ್ಪನೂ ಹೋಗುತ್ತಾನೆ. ಓದಿದರೆ ಈ ಮಚ್ಚು ನನಗೇ. ಸಾಯಲು ಭಯ ನನಗೆ, ಸುಳ್ಳೇಕೆ ಬರೆಯಲಿ. ಅವಳ ಮುಖ ನೋಡಲು ಅದಕ್ಕಿಂತ ಭಯ.

ಎಲ್ಲರನ್ನೂ ಒಳಗೆ ಕರೆ ಎಂದೆ. ಬರುತ್ತಿದ್ದಾರೆ. ಚಿಕ್ಕ ಮಾವ ಬಾಗಿಲು ಹಾಕಿ ಅದಕ್ಕೇ ಒರಗಿ ಕೂತರು. ಪಟಾಲಮ್ಮ ನನಗೆ ಎದುರಾಗಿ ಕೂತಳು, ಮಚ್ಚು ಮಡಿಲಲ್ಲಿ. ಓದ್ರೀ ಎನ್ನುತ್ತಿದ್ದಾಳೆ. ಎಂಟನೇ ತಾರೀಕಿನ ಹಾಳೆ ತೆಗೆದಿದ್ದೇನೆ. ಓದುತ್ತೇನೆ.