ಚೋನಾಳ ಜೊತೆ ಶಾಲು ಎಳೆದದ್ದು

ಅಮ್ಮಾ,

ಬಾಣಂತಿಯ ಸೊಂಟ ಬಿಗಿಯುವ ಶಾಸ್ತ್ರವನ್ನು ಇವತ್ತು, ಈ ಮುದಿವಯಸ್ಸಿನಲ್ಲಿ, ಮೊದಲ ಸಲ ನಾನೇ ಮಾಡಿದೆ. ಮಲಗಿದ್ದ ಒತಿಲಿಯಾಳ ಸೊಂಟದಡಿ ನಿನ್ನ ರೆಬೋಸೊ ಶಾಲು ಹಾಸಿ ಒಂದು ತುದಿ ನಾನು ಹಿಡಿದೆ. ಇನ್ನೊಂದನ್ನು ಹಿಡಿದವಳು ಅವಳ ಅತ್ತೆ ಚೋನಾ, ಜೋಳದ ಗಿರಣಿಯ ಸಾಲಿನಲ್ಲಿ ದಿನಾ ನನ್ನೊಡನೆ ಜಗಳಕ್ಕೆ ನಿಲ್ಲುವವಳು. ಇಬ್ಬರೂ ಸಮನಾಗಿ ಎಳೆಯಬೇಕು ಎಂದು ನೀನು ಹೇಳುತ್ತಿದ್ದೆ. ಆ ಹೆಂಗಸು ಜಗ್ಗಿದಳು. ನಾನು ಬಿಡುತ್ತೇನೆಯೇ? ನಾನೂ ಜಗ್ಗಿದೆ.

"ನನ್ನ ಸೊಂಟ ಕಟ್ತಿದ್ದೀರೋ, ಆಸ್ತಿ ಪಾಲು ಮಾಡ್ಕೊಳ್ತಿದ್ದೀರೋ?" ಎಂದಳು ಒತಿಲಿಯಾ.

ಮೂವರೂ ನಕ್ಕೆವು. ನಗುತ್ತಲೇ ಅವಳು ಅಳತೊಡಗಿದಳು.

"ಬಿಗಿಯಾಯ್ತೇನೇ? ಬಾಯಿಬಿಟ್ಟು ಹೇಳು," ಎಂದು ಗದರಿದೆ.

"ಬಿಡಬೇಡಿ ಅಜ್ಜಿ, ಹೀಗೇ ಹಿಡ್ಕೊಂಡಿರಿ."

ಅವಳ ಅಳು ನಿಲ್ಲುವವರೆಗೂ ಹಿಡಿದುಕೊಂಡೆವು.

ಊರ ಬಾಣಂತಿಯರಿಗೆಲ್ಲ ನೀನು ಕಟ್ಟಿದೆ. ನನ್ನನ್ನು ಹೆತ್ತಾಗ ನಿನಗೆ ಯಾರು ಕಟ್ಟಿದರು ಎಂದು ನೀನಿದ್ದಾಗ ನಾನು ಕೇಳಲೇ ಇಲ್ಲ.